ಪರೀಕ್ಷೆಗೆ ಹೋಗಬೇಡ ಅನ್ನೋದೂ ಪ್ರೀತಿನಾ?

ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಗಾಜಿನ ಸಾಮಾನು ಕೊಟ್ಟು ವಾಪಸ್ ಪಡೆಯುವ ಕೆಲಸ ಚಿಕ್ಕಮ್ಮನದು. ಅಲ್ಲೇ ಓದುವ ಅಕ್ಕನ ಮಗಳು ಕರೆಯುವುದನ್ನು ಕೇಳಿ ಕೇಳಿ ಇಡೀ ಕಾಲೇಜೇ ಅವಳನ್ನು ಚಿಕ್ಕಮ್ಮ ಎನ್ನುತ್ತದೆ. ಒಡೆದ ಪಿಪೆಟ್ಟನ್ನು ಯಾರು ಪಕ್ಕದವರ ಡ್ರಾಯರಿಗೆ ತಳ್ಳುತ್ತಾರೆ ಎನ್ನುವುದು ಅವಳಿಗೆ ಕೂತಲ್ಲೇ ಗೊತ್ತಾಗುತ್ತದೆ. ತಿಂಗಳುಗಳಿಂದ ಮಂಕಾಗಿದ್ದ ಅಕ್ಕನ ಮಗಳಿಗೆ ಏನಾಗಿದೆ ಎನ್ನುವುದು ಮಾತ್ರ ಗೊತ್ತಾಗಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕು ದಿನ ಇತ್ತು. ರೋಲ್ ನಂಬರಿನ ಪ್ರಕಾರ ಒಂದು ಮೇಜಿಗೆ ಇಬ್ಬರು. ಪಟ್ಟಿ ಅಂಟಿಸಿದ ಮಧ್ಯಾಹ್ನ ಹುಡುಗಿ ಬಂದು ನಿಂತಳು.

"ಚಿಕ್ಕಮ್ಮ, ನಾನು ಪರೀಕ್ಷೆಗೆ ಬರಲ್ಲ."

"ಯಾಕೆ, ಜ್ವರನಾ?"

"ನನ್ನ ಮೇಜಲ್ಲಿ ಒಬ್ಬ ಹುಡುಗ ಇದಾನೆ. ಅವನಿಗೆ ಇಷ್ಟ ಆಗಲ್ಲ."

"ಯಾವ ಅವನಿಗೆ?"

ಅಷ್ಟರಲ್ಲಿ ಫೋನು ಬಂತು. ಹುಡುಗಿ ಗಡಬಡಿಸಿ ವಿಡಿಯೊ ಹಾಕಿ, ಫೋನನ್ನು ಲ್ಯಾಬಿನ ಮೂಲೆ ಮೂಲೆಗೂ ತಿರುಗಿಸಿ, "ಯಾರೂ ಇಲ್ಲ ನೋಡು, ಚಿಕ್ಕಮ್ಮ ಒಬ್ರೇ" ಎಂದಳು. ಫೋನು ಮಾಡಿದವನು ಕೊನೆ ವರ್ಷದ ಹುಡುಗ, ಅವಳನ್ನು ಪ್ರೀತಿಸುತ್ತಾನಂತೆ. ಅವಳ ಅಂಗಿಯ ತೋಳು ಮೇಲೆ ಸರಿದಾಗ ಮುಂಗೈ ಮೇಲೆ ನಾಲ್ಕು ಬೆರಳಿನ ಗುರುತು ಕಾಣಿಸಿತು.

ಚಿಕ್ಕಮ್ಮನ ಪಿತ್ತ ನೆತ್ತಿಗೇರಿತು. ಫೋನು ಕಿತ್ತುಕೊಂಡಳು. "ಇನ್ಮೇಲೆ ಇದು ನನ್ನ ಹತ್ರ ಇರುತ್ತೆ. ಅವನ ಸಹವಾಸ ಬಿಡು. ನಾಳೆಯಿಂದ ನನ್ನ ಜೊತೆ ಬಾ, ನನ್ನ ಜೊತೆ ಹೋಗು!"

ಸಂಜೆಯೊಳಗೆ ಹುಡುಗಿ ಗೆಳತಿಯ ಫೋನಿಂದ ಅವನಿಗೆ ಕ್ಷಮೆ ಕೇಳಿಯಾಗಿತ್ತು! ಅಕ್ಕನ ಹತ್ತಿರ ಹೇಳೋಣವೆಂದರೆ ಅವಳದು ಬೇರೆಯೇ ರಾಗ.

"ಎಷ್ಟು ಕಾಳಜಿ ಮಾಡ್ತಾನೆ ಹುಡುಗ! ಊಟ ಆಯ್ತಾ, ಎಲ್ಲಿದ್ದೀಯ ಅಂತ ಗಳಿಗೆಗೊಂದ್ಸಲ ಕೇಳ್ತಾನೆ. ನಿಂಗ್ಯಾಕೆ ಹೊಟ್ಟೆಉರಿ?"

ಚಿಕ್ಕಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮರುದಿನ ಬೆಳಿಗ್ಗೆ ಕಾಲೇಜಿನ ಆಪ್ತ ಸಮಾಲೋಚಕಿಯ ಕೋಣೆಗೆ ನುಗ್ಗಿದಳು.

"ಆ ಹುಡುಗಿಗೆ ನೀವಾದ್ರೂ ಬುದ್ಧಿ ಹೇಳಿ ಮೇಡಂ. ನಂಗೆ ಸಾಕಾಗಿ ಹೋಯ್ತು."

"ನೀವೇನು ಮಾಡಿದ್ರಿ?"

ಚಿಕ್ಕಮ್ಮ ಹೆಮ್ಮೆಯಿಂದಲೇ ಹೇಳಿದಳು.

"ಸರಿ. ಅವನೇನು ಮಾಡ್ತಾನೆ?"

"ಏನೇನು ಮಾಡಲ್ಲ ಕೇಳಿ! ಫೋನು ಕಿತ್ಕೊಂಡು ನೋಡ್ತಾನೆ. ಯಾರ ಜೊತೆ ಬರ್ಬೇಕು, ಯಾರ ಜೊತೆ ಹೋಗ್ಬೇಕು..." ಚಿಕ್ಕಮ್ಮನ ಮಾತು ಅಲ್ಲೇ ನಿಂತಿತು. ಮುಖ ಕೆಂಪಾಯಿತು.

"ನಿಮ್ಮದು ಕಾಳಜಿ, ಅವನದು ಹಿಡಿತ. ಆದ್ರೆ ಅವಳಿಗೆ ಎರಡೂ ಕಡೆಯಿಂದ ಅಪ್ಪಣೆನೇ ಕೇಳಿಸ್ತಿದೆ. ಬೈಬೇಡಿ, ಕೇಳಿ. ನಿನ್ನನ್ನ ನಂಬ್ತೀನಿ ಅನ್ನಿ. ಬಿಡೋದು ಯಾವಾಗ, ಹೇಗೆ ಅಂತ ಅವಳೇ ಹೇಳ್ಲಿ. ಒಂಟಿಯಾಗಿ ಹೋಗಿ ಅವನಿಗೆ ಹೇಳೋದು ಮಾತ್ರ ಬೇಡ. ಇಂಥವರು ಹೆಚ್ಚು ಕೆರಳೋದು ಆವಾಗ್ಲೇ."

ಚಿಕ್ಕಮ್ಮ ಫೋನು ವಾಪಸ್ ಕೊಟ್ಟಳು. "ತಪ್ಪಾಯ್ತು ಕಣೆ. ನಿಂಗೇನು ಬೇಕು, ನೀನೇ ಹೇಳು."

ಹುಡುಗಿಗೆ ಅಳು ಒತ್ತರಿಸಿ ಬಂತು. "ಪರೀಕ್ಷೆಗೆ ಕೂರ್ಬೇಕು, ಚಿಕ್ಕಮ್ಮ. ಕೂತ್ರೆ ಸಾಯ್ತೀನಿ ಅಂತಾನೆ. ಹೊಡೀತಾನೆ, ಆಮೇಲೆ ಅವನೇ ಅಳ್ತಾನೆ. ಅವನಿಗೆ ಸಿಟ್ಟು ಬರ್ಸೋಳು ನಾನೇ ಅಂತೆ."

ಚಿಕ್ಕಮ್ಮನ ಬಾಯಿಗೆ ಹತ್ತು ಬೈಗುಳ ಬಂದವು. ಎಲ್ಲವನ್ನೂ ನುಂಗಿಕೊಂಡು, "ನಿನ್ನ ತಪ್ಪು ಏನೂ ಇಲ್ಲ" ಎಂದಷ್ಟೇ ಹೇಳಿದಳು.

ಇಬ್ಬರೂ ಸಮಾಲೋಚಕಿಯ ಹತ್ತಿರ ಹೋದರು. ಬೆದರಿಕೆಯ ಮೆಸೇಜುಗಳನ್ನು ಅಳಿಸದೆ ತೆಗೆದಿಟ್ಟರು. ಅವನಿಗೆ ಗೊತ್ತಿದ್ದ ಪಾಸ್‌ವರ್ಡುಗಳನ್ನು ಬದಲಿಸಿದರು. ಹುಡುಗಿ ಒಪ್ಪಿದ ಮೇಲೆ ಪ್ರಾಂಶುಪಾಲರಿಗೂ ಗೇಟಿನ ಕಾವಲುಗಾರನಿಗೂ ವಿಷಯ ತಿಳಿಯಿತು. "ಸಾಯ್ತೀನಿ ಅಂದಿದ್ದನ್ನ ಅವನ ಮನೆಯವರಿಗೆ ಹೇಳಿ ಅವನಿಗೂ ಸಹಾಯ ಸಿಗೋ ಹಾಗೆ ಮಾಡೋದು ನನ್ನ ಕೆಲಸ. ಆ ಹೊರೆ ನಿಂದಲ್ಲ" ಎಂದರು ಸಮಾಲೋಚಕಿ.

ಇನ್ನು ಅಕ್ಕ. ಮಗಳು ಫೋನನ್ನು ಅವಳ ಕೈಗೇ ಕೊಟ್ಟಳು. ಒಂದೇ ದಿನದಲ್ಲಿ ತೊಂಬತ್ತು ಸಲ 'ಎಲ್ಲಿದ್ದೀಯ', ಅದರ ನಡುವೆ 'ಸಿಗು, ಮಾಡ್ತೀನಿ ನಿಂಗೆ'. ಅಕ್ಕ ಅರ್ಧಕ್ಕೇ ಫೋನು ಕೆಳಗಿಟ್ಟಳು.

"ಇದನ್ನ ನಾನು ಕಾಳಜಿ ಅಂದೆನಲ್ಲೇ!"

ಪರೀಕ್ಷೆಯ ದಿನ ಅಕ್ಕನೂ ಗೇಟಿನವರೆಗೆ ಬಂದಳು. ಅವನು ರಸ್ತೆಯಾಚೆ ನಿಂತಿದ್ದ. ಹುಡುಗಿ ಗೇಟಿನ ಬಳಿ ನಿಂತುಬಿಟ್ಟಳು.

"ವಾಪಸ್ ಹೋಗೋಣ್ವಾ?" ಎಂದು ಅಕ್ಕ ಕೇಳಿದಳು.

"ಬೇಡಮ್ಮ, ಟೈಮಾಯ್ತು" ಎಂದು ಅವಳು ಒಳಗೆ ನಡೆದಳು.

ಓದುತ್ತಿರುವ ತಂಗಿ, ತಮ್ಮ, ನಿಮ್ಮ ಫೋನು ತಪಾಸಣೆ ಮಾಡುವವರು, ಗೆಳೆಯರನ್ನು ಬಿಡಿಸುವವರು, ಹೊಡೆದು ಆಮೇಲೆ ಅಳುವವರು ನಿಮ್ಮನ್ನು ಪ್ರೀತಿಸುತ್ತಿಲ್ಲ. ಹುಡುಗರಿಗೂ ಹೀಗಾಗುತ್ತದೆ, ನಾಚಿಕೆ ಬೇಡ. ನಂಬಿಕೆಯ ಒಬ್ಬರಿಗೆ ಹೇಳಿ. ಕಾಲೇಜಿನ ಸಮಾಲೋಚಕರನ್ನು ಕಾಣಿ, ಇಲ್ಲವೇ ಈ ಹಾಳೆಯ ಹಿಂದಿರುವ ಸಹಾಯವಾಣಿಗೆ ಕರೆ ಮಾಡಿ. ಅಮ್ಮಂದಿರೇ, ಚಿಕ್ಕಮ್ಮಂದಿರೇ, ಅಪ್ಪಂದಿರೇ, ಮಕ್ಕಳು ಮಂಕಾಗಿದ್ದರೆ ಬೈಯದೆ, ಪಕ್ಕದಲ್ಲಿ ಕೂತು ಕೇಳಿ. ಇವತ್ತೇ ಕೇಳಿ. ನಮ್ಮ ಚಿಕ್ಕಮ್ಮ ಕೇಳಿದ್ದು ಎಂಟು ತಿಂಗಳು ತಡವಾಗಿ. ಆ ಎಂಟು ತಿಂಗಳೂ ಹುಡುಗಿ ಏಟು ತಿಂದಿದ್ದಳು.