ಡ್ರಾಫ್ಟಿನೊಳಗೆ ಅತ್ತೆ

ಯಾರ ಮನೆಯದೋ ಕಿಟಕಿ, ಹಾರು ಹೊಡೆದುಕೊಂಡಿದೆ, ಒಳಗಿನ ಹೆಂಗಸು ಹೊದಿಕೆ ಕೊಡವುತ್ತಿದ್ದಾಳೆ, ಕೊಡವಿದ ಧೂಳೆಲ್ಲ ಕೆಳಗಿನ ಮನೆಯವರ ಪಾಲಿಗೆ, ಬೈಯುತ್ತಾರೆ ನೋಡು ಈಗ — ಬೈಯಲಿಲ್ಲ, ಸಿಗ್ನಲ್ಲು ಬಿಟ್ಟಿತು, ಬಸ್ಸು ಹೊರಟಿತು, ಅವಳಿಗೆ ಇವತ್ತು ಕಿಟಕಿ ಪಕ್ಕದ ಸೀಟೇ ಸಿಕ್ಕಿದೆ, ತೊಡೆಯ ಮೇಲೆ ಚೀಲ, ಚೀಲದ ಮೇಲೆ ಫೋನು, ಫೋನಿನ ಮೇಲೆ ಎರಡು ಹೆಬ್ಬೆರಳು, ಮನೆ ತಲುಪುವವರೆಗೆ ಯಾರೂ ಏನೂ ಕೇಳುವ ಹಾಗಿಲ್ಲ, ಇದಕ್ಕಿಂತ ಸುಖ ಬೇಕೆ? ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಎಳ್ಳಿನಷ್ಟು ಸ್ಕ್ರೂಗಳನ್ನು ಬಿಗಿಸಿ ಬಿಗಿಸಿ ಕಣ್ಣು ಸೋತಿದ್ದರೂ, ಈ ಬ್ಲಾಗ್ ಆ್ಯಪಿನ ಪೆನ್ಸಿಲ್ ಗುರುತು ಒತ್ತಿದ ಕೂಡಲೇ ಬಿಳಿ ಹಾಳೆ ತೆರೆದುಕೊಳ್ಳುತ್ತದಲ್ಲ, ಆಗ ಆಯಾಸವೆಲ್ಲ ಎಲ್ಲಿಗೆ ಹೋಗುತ್ತದೋ, ಇವತ್ತು ಬಂದಿದ್ದ ಆ ದಪ್ಪ ಮೀಸೆಯ ಗಿರಾಕಿ, ರಿಪೇರಿಗೆ ಕೊಟ್ಟಿದ್ದೆ, ಎಲ್ಲಿದೆಯಮ್ಮಾ ನನ್ನ ಕನ್ನಡಕ, ಅಂತ ಅಂಗಡಿಯನ್ನೇ ತಲೆಯ ಮೇಲೆ ಹೊತ್ತುಕೊಂಡಿದ್ದ, ಕನ್ನಡಕವನ್ನೂ ತಲೆಯ ಮೇಲೇ ಹೊತ್ತುಕೊಂಡಿದ್ದ, ಅದನ್ನೇ ಬರೆಯಬೇಕು, ಬ್ಲಾಗಿಗೆ ‘ಕನ್ನಡಕ ಎಲ್ಲಿಟ್ಟೆ’ ಅಂತ ಹೆಸರಿಟ್ಟಿದ್ದು ಸಾರ್ಥಕವಾಯಿತು. ಯಾರು ಓದ್ತಾರೆ ಇದನ್ನೆಲ್ಲ ಅಂತ ಗಂಡ ಕೇಳಿದ್ದ, ಯಾಕ್ರೀ, ಓದ್ತಾರೆ, ಒಬ್ಬ ರಿಟೈರ್ಡ್ ಮೇಷ್ಟ್ರು ಪ್ರತಿ ಸಲ ‘ಉತ್ತಮ ಬರಹ’ ಅಂತ ಹಾಕ್ತಾರೆ, ಉತ್ತಮ ಅಲ್ಲದಾಗಲೂ ಹಾಕ್ತಾರೆ, ಪಾಪ. ಮೊದಲ ಸಾಲು ಟೈಪು ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು, ಮನಸ್ಸು ಮಾತ್ರ ಆ ಹಾರು ಹೊಡೆದ ಕಿಟಕಿಯನ್ನು ಬಿಟ್ಟು ಕದಲುತ್ತಿಲ್ಲ.

ಯಾಕೆಂದರೆ ಬೆಳಿಗ್ಗೆ ತನ್ನ ಮನೆಯ ಕಿಟಕಿ ಮುಚ್ಚಿತ್ತು. ಅತ್ತೆ ಬಂದಾಗಿನಿಂದ ಆ ರಸ್ತೆ ಕಡೆಯ ಕಿಟಕಿ ಬೆಳಿಗ್ಗೆ ಮುಚ್ಚಿದ್ದೇ ಇಲ್ಲ, ಕಾಫಿಗೆ ನೀರಿಡುವ ಮೊದಲೇ ಚಿಲಕ ಕಿರ್ರೆನ್ನುತ್ತದೆ, ಒಂದು ಬಾಗಿಲು ಸಲೀಸಾಗಿ ತೆರೆಯುತ್ತದೆ, ಇನ್ನೊಂದು ಹಟಮಾರಿ, ಸಿಕ್ಕಿಕೊಂಡು ಅತ್ತೆಯ ಕೈಯಿಂದ ಒಂದು ಗುದ್ದು ತಿಂದೇ ತೆರೆದುಕೊಳ್ಳುವುದು, ತಣ್ಣನೆ ಗಾಳಿ ನೇರ ಅವಳ ಮೂಗಿಗೆ, ಆಕ್ಷೀ, ಮನೆ ಉಸಿರಾಡ್ಲಿ ಕಣಮ್ಮ ಅನ್ನುತ್ತಾರೆ ಅತ್ತೆ, ಮನೆ ಉಸಿರಾಡುತ್ತದೆ, ಸೊಸೆ ಸೀನುತ್ತಾಳೆ. ಇವತ್ತು ಕಿರ್ರೂ ಇಲ್ಲ, ಗುದ್ದೂ ಇಲ್ಲ. ಅತ್ತೆ ಮಂಚದ ತುದಿಯಲ್ಲಿ ಕೂತು ಸೀರೆಗಳನ್ನು ಬ್ಯಾಗಿಗೆ ಇಡುತ್ತಿದ್ದರು, ಭಾನುವಾರ ಮಗಳ ಮನೆಗೆ ಹೋಗ್ತೀನಿ, ಇನ್ನು ಅಲ್ಲೇ ಇದ್ದುಬಿಡ್ತೀನಿ. ಯಾಕತ್ತೆ, ಏನಾಯ್ತು? ಏನಾಗ್ಬೇಕು, ಅವಳೂ ಕರೀತಾನೇ ಇದಾಳಲ್ಲ. ಗಂಡ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ, ಹೋಗ್ಲಿ ಬಿಡು, ಅಮ್ಮಂಗೂ ಬದಲಾವಣೆ ಆಗುತ್ತೆ ಅಂದ. ಅವಳು ಎಂದಿನಂತೆ ಬಸ್ಸಿಗೆ ಓಡಿದಳು, ಎಂದೂ ಇಲ್ಲದ ಹಾಗೆ ತಿರುಗಿ ನೋಡಿದಳು, ಎರಡನೇ ಮಹಡಿ, ಮುಚ್ಚಿದ ಕಿಟಕಿ, ಮಸುಕು ಗಾಜು, ಒಳಗಿನವರಿಗೆ ಹೊರಗಿನದೂ ಹೊರಗಿನವರಿಗೆ ಒಳಗಿನದೂ ಕಾಣದ ಗಾಜು. ಖುಷಿಯಾಗಬೇಕಿತ್ತಲ್ಲ, ಇನ್ನು ಶೀತವಿಲ್ಲ, ತಾನು ಮಡಿಸಿದ ಟವೆಲ್ಲನ್ನು ಬಿಚ್ಚಿ ಇನ್ನೊಂದು ಸಲ ಮಡಿಸುವವರಿಲ್ಲ, ಆದರೆ ಅಂಗಡಿಯಲ್ಲಿ ಕೈಯಿಂದ ಸ್ಕ್ರೂ ಜಾರಿ ಜಾರಿ ಬಿತ್ತು, ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿದ್ದರೆ ಮಾಲೀಕರು, ಏನಮ್ಮ, ಜ್ಞಾನ ಎಲ್ಲಿದೆ ಅಂದರು, ಎಲ್ಲಿದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತಿದೆ, ಈ ಮೀಸೆಯವನ ಕಥೆ ಯಾಕೆ ಮುಂದೆ ಹೋಗುತ್ತಿಲ್ಲ ಅಂದರೆ, ಯಾವ ಕಥೆಯನ್ನಾದರೂ ಮೊದಲು ಹೇಳುವುದು ಅತ್ತೆಗೆ, ಚಪ್ಪಲಿ ಬಿಡುವಾಗಲೇ ಇವತ್ತೇನಮ್ಮ ವಿಶೇಷ ಅಂತ ಕೇಳುತ್ತಾರೆ, ಅವರು ಕೆಮ್ಮು ಬರುವ ಹಾಗೆ ನಕ್ಕರೆ ಅದನ್ನು ಬರೆಯುವುದು, ನಗದಿದ್ದರೆ ಬಿಟ್ಟುಬಿಡುವುದು. ಸೋಮವಾರದಿಂದ ಯಾರು ನಗಬೇಕು? ಗಂಡನಿಗೆ ಹೇಳಿದರೆ, ಆಮೇಲೆ ಅನ್ನುತ್ತಾನೆ, ಕಥೆ ಮುಗಿದ ಮೇಲೂ ಆಮೇಲೆ ಅನ್ನುತ್ತಾನೆ.

ಫೋನು ಗುರ್ರ್ ಅಂತು, ‘ನಿಮ್ಮ ಬರಹ ಪ್ರಕಟವಾಗಿದೆ’, ಯಾವ ಬರಹ, ತಾನಿನ್ನೂ ಮೊದಲ ಸಾಲನ್ನೇ ದಾಟಿಲ್ಲ, ಒತ್ತಿ ನೋಡಿದಳು, ಶೀರ್ಷಿಕೆ ‘ಅತ್ತೆಯ ಕಿಟಕಿ’. ಅಯ್ಯೋ, ಇದು ಮೊನ್ನೆ ಒಂದು ದಿನ ಮೂಗು ಸೋರುತ್ತಿದ್ದಾಗ ಇದೇ ಬಸ್ಸಿನಲ್ಲಿ ಕೂತು ಸಿಟ್ಟಿನಲ್ಲಿ ಚಚ್ಚಿದ್ದು, ಸಿಟ್ಟು ಬಂದಾಗ ಬರೆದು ಡ್ರಾಫ್ಟಿಗೆ ತಳ್ಳಿಬಿಡುವುದು ಅವಳ ಅಭ್ಯಾಸ, ಡ್ರಾಫ್ಟಿನಲ್ಲಿದ್ದ ಸಿಟ್ಟು ಯಾರಿಗೂ ತಾಗುವುದಿಲ್ಲ ಅಂತ ಧೈರ್ಯ, ಇದನ್ನು ಪ್ರಕಟಿಸಿದ್ದು ಯಾವ ದೆವ್ವ — ‘ಮೂಗು ನನ್ನದು, ಗಾಳಿ ಅತ್ತೆಯದು. ನಾನು ಮಡಿಸಿದ ಟವೆಲ್ಲು ಅವರ ಕಣ್ಣಿಗೆ ಟವೆಲ್ಲೇ ಅಲ್ಲ. ಇವರು ಮಗಳ ಮನೆಗೆ ಯಾವಾಗ ಹೋಗುತ್ತಾರೋ, ನಾನು ಯಾವಾಗ ಕಿಟಕಿ ಮುಚ್ಚಿಕೊಂಡು ನೆಮ್ಮದಿಯಾಗಿರುತ್ತೇನೋ.’ ಇಲ್ಲಿಗೆ ಅವಳದು ಮುಗಿಯಬೇಕು, ಮುಗಿದಿಲ್ಲ, ಕೆಳಗೆ ಇನ್ನೂ ಇದೆ, ಅವಳು ಬರೆಯದ್ದು ಇದೆ. ‘ಟವೆಲ್ಲನ್ನು ಮೂರು ಮಡಿಕೆ ಮಾಡಿದರೆ ಬೀರುವಿನ ಬಾಗಿಲು ಸರಿಯಾಗಿ ಕೂರುತ್ತದೆ. ಇನ್ನು ಮುಟ್ಟುವುದಿಲ್ಲ. ನೀನು ಸೀನುವುದು ಗಾಳಿಗೆ ಎಂದು ಗೊತ್ತಿರಲಿಲ್ಲ, ಹೇಳಿದ್ದರೆ ತೆಗೆಯುತ್ತಿರಲಿಲ್ಲ. ಆ ಗಾಜು ಮುಚ್ಚಿದರೆ ಬಸ್ ಸ್ಟಾಪು ಕಾಣುವುದಿಲ್ಲ. ನೀನು ಓಡುವುದನ್ನು ನೋಡಲು ತೆಗೆಯುತ್ತಿದ್ದೆ. ನಿನಗೆ ಬಸ್ಸು ಸಿಕ್ಕಿದ ಮೇಲೆ ನಾನು ಕಾಫಿ ಕುಡಿಯುತ್ತಿದ್ದೆ.’

ಓದಿದಳು, ಮತ್ತೆ ಓದಿದಳು, ಹೊರಗೆ ಒಂದು ಹೂವಿನ ಅಂಗಡಿ, ಒಂದು ಬ್ಯಾಂಕು, ಒಂದು ಗೋಡೆ ಹಾದುಹೋದವು, ಬೆಳಿಗ್ಗೆ ಅಷ್ಟು ಹೊತ್ತು ಕಾಫಿ ಆರಿಸಿಕೊಂಡು ಕೂರುತ್ತಾರಲ್ಲ, ಬಿಸಿಯಾಗಿ ಕುಡೀಬಾರದೇ ಅತ್ತೆ ಅಂತ ತಾನೇ ರೇಗಿದ್ದುಂಟು. ಎಲ್ಲ ಮಾಡಿದ್ದು ತಾನೇ, ತನ್ನ ಹಳೇ ಫೋನನ್ನು ಒರೆಸಿ ಅವರ ಕೈಗಿಟ್ಟವಳು ತಾನೇ, ಈ ಆ್ಯಪಿನಿಂದ ಲಾಗೌಟ್ ಆಗಲು ಮರೆತವಳು ತಾನೇ, ಇಲ್ಲಿ ಬರೆದದ್ದೆಲ್ಲ ಅಲ್ಲೂ ಮೂಡುತ್ತಿದೆ ಅನ್ನುವ ಪರಿವೆಯೇ ಇಲ್ಲದೆ, ನೋಡಿ ಅತ್ತೆ, ಅಕ್ಷರ ದೊಡ್ಡದು ಮಾಡಿದೀನಿ ಅಂತ ಬೀಗಿದವಳೂ ತಾನೇ, ಸಾಲದು ಅಂತ ಅಂಗಡಿಯಲ್ಲಿ ಸ್ವಂತ ಕೈಯಾರೆ ಗಾಜು ಕೂರಿಸಿ ಹೊಸ ಕನ್ನಡಕ ಬೇರೆ, ಹಾಕಿಕೊಂಡ ದಿನ ಅತ್ತೆ, ಈಗ ಇರುವೆ ಕಾಲೂ ಕಾಣುತ್ತೆ ಕಣಮ್ಮ ಅಂದಿದ್ದರು, ಇರುವೆ ಕಾಲು ಕಂಡವರಿಗೆ ಸೊಸೆಯ ಹೊಟ್ಟೆಯೊಳಗಿನದು ಕಾಣದೇ? ಇನ್ನು ಪ್ರಕಟಿಸಿದ್ದು, ಅದು ಕೈತಪ್ಪಿ ಆದದ್ದಲ್ಲ, ಖಂಡಿತ ಅಲ್ಲ, ಅತ್ತೆ ರಿಟೈರ್ ಆಗುವವರೆಗೆ ಆಫೀಸಿನಲ್ಲಿ ಟೈಪಿಸ್ಟು, ಸಾಹೇಬರು ಗೀಚಿದ ಡ್ರಾಫ್ಟನ್ನು ತಿದ್ದಿ, ಬಿಟ್ಟದ್ದನ್ನು ಸೇರಿಸಿ, ಸಂಜೆಯೊಳಗೆ ಕಳಿಸುವುದೇ ಅವರ ಕೆಲಸ, ಮೇಜಿನ ಮೇಲೆ ಡ್ರಾಫ್ಟು ಉಳಿದರೆ ನನಗೆ ಊಟ ಸೇರ್ತಿರಲಿಲ್ಲ ಅನ್ನುವವರು, ಮೇಲುಗಡೆ ‘ಡ್ರಾಫ್ಟ್’ ಅಂತ ಕಂಡಿದೆ, ತಿದ್ದಿದ್ದಾರೆ, ಸೇರಿಸಿದ್ದಾರೆ, ಕಳಿಸಿದ್ದಾರೆ, ತಮ್ಮ ಮೇಲೇ ಬಂದ ದೂರನ್ನೂ ಅಚ್ಚುಕಟ್ಟಾಗಿ ರವಾನಿಸಿದ್ದಾರೆ ಮಹಾತಾಯಿ. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಪಕ್ಕದಲ್ಲಿ ಕೂತಿದ್ದವರು ಸ್ವಲ್ಪ ಸರಿದು ಕೂತರು.

ತೆಗೆದುಹಾಕಬೇಕು, ಮೊದಲು ತೆಗೆದುಹಾಕಬೇಕು, ಮೂರು ಚುಕ್ಕೆ ಒತ್ತಿದರೆ ಸಾಕು, ಹೆಬ್ಬೆರಳು ಅಲ್ಲಿಗೆ ಹೋಯಿತು, ಅಷ್ಟರಲ್ಲಿ ಮೇಷ್ಟ್ರು, ‘ಅತ್ಯುತ್ತಮ ಬರಹ’, ನೋಡಿ, ಇಷ್ಟು ದಿನ ಉತ್ತಮ, ಅತ್ತೆ ಕೈಯಾಡಿಸಿದ ಕೂಡಲೇ ಅತ್ಯುತ್ತಮ! ಇನ್ಯಾರೋ ಒಬ್ಬಾಕೆ, ‘ಅತ್ತೆಯ ಮಾತನ್ನು ಎಷ್ಟು ಸಹಜವಾಗಿ ಬರೆದಿದ್ದೀರಿ, ಅವರು ಹೋದರಾ ಇದ್ದಾರಾ?’ ಫೋನನ್ನು ಬೋರಲು ಹಾಕಿದಳು, ಮತ್ತೆ ತಿರುಗಿಸಿದಳು, ಅಸೂಯೆಗೆ ಅರ್ಧ, ಆ ಪ್ರಶ್ನೆಗೆ ಅರ್ಧ. ಹೋದರಾ, ಇದ್ದಾರಾ. ಫೋನು ಮಾಡೋಣವೆಂದರೆ ಅತ್ತೆ, ಹಾಂ, ಏನು, ಕೇಳಿಸ್ತಿಲ್ಲ, ಬೇಗ ಬಾ ಅಂತ ಇಟ್ಟುಬಿಡುತ್ತಾರೆ, ಮೇಲಾಗಿ ಇಂಥದ್ದೆಲ್ಲ ಬಾಯಲ್ಲಿ ಬರುವುದೇ ಇಲ್ಲ ಅವಳಿಗೆ, ಬಾಯಿ ಬರೀ ಉಪ್ಪಿದೆಯಾ, ಹಾಲು ಬಂತಾ ಅನ್ನುತ್ತದೆ, ಬರುವುದೇನಿದ್ದರೂ ಹೆಬ್ಬೆರಳಿಗೆ. ಪೆನ್ಸಿಲ್ ಒತ್ತಿದಳು, ಅತ್ತೆಯ ಸಾಲಿನ ಕೆಳಗೇ, ಊರೆಲ್ಲ ಓದಿದರೆ ಓದಲಿ, ‘ಅತ್ತೆ, ನಾನೇ, ಬಸ್ಸಿನಲ್ಲಿದ್ದೀನಿ. ಅದು ಸಿಟ್ಟಲ್ಲಿ ಬರೆದದ್ದು. ನೀವು ಹೋಗ್ಬೇಡಿ. ನನಗೆ ನೀವು ಬೇಕು. ಇವತ್ತು ಅಂಗಡಿಗೆ ಒಬ್ಬ ಮೀಸೆಯವನು ಬಂದಿದ್ದ, ಅದನ್ನ ಯಾರಿಗೆ ಹೇಳ್ಲಿ? ಇರ್ತೀರಿ ಅಂದ್ರೆ ಕಿಟಕಿ ತೆಗೀರಿ. ನಾನು ಸ್ವೆಟರ್ ಹಾಕ್ಕೋತೀನಿ.’ ಒತ್ತಿದಳು, ಬಸ್ಸು ಆ ಹೊತ್ತಿಗೇ ಸೇತುವೆಯ ಕೆಳಗೆ ಹೋಗಬೇಕೇ, ನೆಟ್‌ವರ್ಕು ಹೋಯಿತು, ಸಣ್ಣ ಚಕ್ರ ಸುತ್ತುತ್ತಿದೆ, ಸುತ್ತುತ್ತಲೇ ಇದೆ, ಹೋಗಪ್ಪಾ, ಹೋಗು, ಸಿಟ್ಟು ಹೋದಷ್ಟು ಸಲೀಸಾಗಿ ಇದೂ ಹೋಗಬಾರದೇ, ಬೆಳಕು ಬಂತು, ಚಕ್ರ ನಿಂತಿತು, ‘ನಿಮ್ಮ ಬರಹ ನವೀಕರಿಸಲಾಗಿದೆ’.

ಮುಂದಿನ ಸ್ಟಾಪು ಅವಳದೇ, ಅತ್ತೆ ಫೋನು ನೋಡಿದರೋ ಇಲ್ಲವೋ, ಸಂಜೆ ಅವರು ಫೋನನ್ನು ದಿಂಬಿನ ಕೆಳಗಿಟ್ಟು ಮರೆಯುತ್ತಾರೆ, ಕನ್ನಡಕವನ್ನು ಎಲ್ಲಿಟ್ಟೆ ಅಂತ ಹುಡುಕುತ್ತಾರೆ, ಹುಡುಕಲು ಕನ್ನಡಕ ಬೇಕು ಅನ್ನುತ್ತಾರೆ, ಇಳಿದಳು, ಬಸ್ಸು ಹೊಗೆ ಬಿಟ್ಟು ಹೋಯಿತು, ತಲೆ ಎತ್ತಲು ಧೈರ್ಯವಿಲ್ಲ, ಚೀಲ ಸರಿಮಾಡಿಕೊಂಡಳು, ಸರಿಯಿದ್ದ ಚೀಲವನ್ನೇ ಇನ್ನೊಮ್ಮೆ ಸರಿಮಾಡಿಕೊಂಡಳು, ಎತ್ತಿದಳು — ಎರಡನೇ ಮಹಡಿ, ಮಸುಕು ಗಾಜು, ಮುಚ್ಚಿದೆ. ಆಯ್ತಲ್ಲ, ಬರೆಯುವುದು ಬೇಡವಾಗಿತ್ತು, ಬರೆದದ್ದು ಬೇಡವಾಗಿತ್ತು, ಬ್ಯಾಗು ತುಂಬಿರಬೇಕು ಇಷ್ಟು ಹೊತ್ತಿಗೆ, ಮೇಲೆ ಹೋಗಿ ಏನಂತ ಮುಖ ತೋರಿಸುವುದು, ಅತ್ತೆ, ಉಪ್ಪಿದೆಯಾ, ಅನ್ನುವುದೇ? ಗಾಜಿನ ಹಿಂದೆ ಏನೋ ಅಲ್ಲಾಡಿತು, ಒಂದು ಬಾಗಿಲು ಸಲೀಸಾಗಿ ತೆರೆಯಿತು, ಇನ್ನೊಂದು, ಆ ಹಟಮಾರಿ, ಅಲ್ಲೇ ನಿಂತಿತು, ಗುದ್ದಿ ಅತ್ತೆ, ಗುದ್ದಿ, ರಸ್ತೆಯವರೆಗೂ ಕೇಳಿಸಿತು ಗುದ್ದು, ಕಿಟಕಿ ಹಾರು ಹೊಡೆಯಿತು, ಅತ್ತೆ, ಕೈಯಲ್ಲಿ ಹಳೇ ಫೋನು, ಮೂಗಿನ ಮೇಲೆ ತಾನೇ ಕೂರಿಸಿದ ಎರಡು ಗಾಜು, ಸ್ಟಾಪಿನ ಕಡೆಗೇ ನೋಡುತ್ತಿವೆ, ಯಾವ ಮೀಸೆಯವನೇ ಅಂತ ಮೇಲಿಂದಲೇ ಕೂಗು, ಬೀದಿಗೆಲ್ಲ ಕೇಳುವ ಹಾಗೆ, ತಣ್ಣನೆ ಗಾಳಿ ಬೀಸಿತು, ಅವಳಿಗೆ ಸೀನು ಬಂತು, ಈಗಲೇ ಬರಬೇಕೇ, ಸೀನಿದರೆ ಮುಚ್ಚಿಬಿಡುತ್ತಾರೆ, ಎರಡು ಬೆರಳಲ್ಲಿ ಮೂಗು ಒತ್ತಿ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಿಂತಳು, ಮೇಲೆ ತೆರೆದ ಕಿಟಕಿ, ಕಿಟಕಿಯಲ್ಲಿ ಅತ್ತೆ, ತೆರೆದ ಕಿಟಕಿ