ತಣ್ಣಗಾದ ಕಾಲು

ಹೊನ್ನಾಳಿಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ವನಜಾಕ್ಷಿಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲವೆಂದಲ್ಲ. ಹಿಂದಿನ ವಾರವಷ್ಟೇ ಒಂಬತ್ತನೇ ತರಗತಿಗೆ ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ ಬರೆಸಿದ್ದಳು. 'ಪೀಸ್ ಆಫ್ ಕೇಕ್' ಎಂದರೆ ಸಲೀಸಾದ ಕೆಲಸ, 'ಕೋಲ್ಡ್ ಫೀಟ್' ಎಂದರೆ ಇನ್ನೇನು ಮುಂದುವರಿಯಬೇಕು ಎನ್ನುವಾಗ ಎದೆಗುಂದುವುದು.

ಭಾನುವಾರ ಬೆಳಿಗ್ಗೆ ನಾದಿನಿ ಶಾಂತಲಾ ಫೋನ್ ಹಿಡಿದು ಅಡುಗೆಮನೆಗೆ ಬಂದಳು. ಜಗಳೂರಿನ ಗುರುಬಸವರಾಜನ ಜೊತೆ ಅವಳ ಮದುವೆಗೆ ಹದಿನೆಂಟು ದಿನ ಉಳಿದಿತ್ತು.

"ಅತ್ತಿಗೆ, ಇವರು ಇಂಗ್ಲಿಷ್‌ನಾಗೆ ಏನೋ ಕಳಿಸ್ಯಾರೆ. ಕಾಲು ಅಂತ ಗೊತ್ತಾತು, ಮುಂದೆ ತಿಳೀಲಿಲ್ಲ. ನೋಡ್ರಿ."

'ಸಾರಿ, ಐ ಆ್ಯಮ್ ಗೆಟಿಂಗ್ ಕೋಲ್ಡ್ ಫೀಟ್.'

ರೊಟ್ಟಿ ತಟ್ಟುತ್ತಿದ್ದ ಅತ್ತೆ ಕಸ್ತೂರಮ್ಮ ಕೈ ನಿಲ್ಲಿಸಿ ಇತ್ತ ನೋಡಿದರು. ಅವರೆದುರು ಹೇಗೆ ಹೇಳುವುದು? ಆಮೇಲೆ ಶಾಂತಲಾಳನ್ನು ಒಬ್ಬಳನ್ನೇ ಕರೆದು ತಿಳಿಸಿದರಾಯಿತು ಎಂದುಕೊಂಡು ವನಜಾಕ್ಷಿ, "ಕಾಲು ತಣ್ಣಗಾಗ್ಯಾವಂತೆ" ಎಂದುಬಿಟ್ಟಳು.

"ಅಯ್ಯೋ ಶಿವನೇ! ಅದೇನು ಸಣ್ಣ ಮಾತಾ? ನಡೀರಿ, ಹೋಗಿ ನೋಡ್ಕೊಂಡು ಬರಾನ" ಎಂದು ಕಸ್ತೂರಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಲು ನಿಂತೇಬಿಟ್ಟರು. ಆಮೇಲೆ ಶಾಂತಲಾ ಒಂದು ಗಳಿಗೆಯೂ ಒಬ್ಬಳೇ ಸಿಗಲಿಲ್ಲ.

ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು ಹತ್ತಿದಾಗ ಮೂವರ ಸೀಟಿನ ನಡುವೆ ವನಜಾಕ್ಷಿ ಸಿಕ್ಕಿಕೊಂಡಳು. ಒಂದು ಕಡೆ ಎಣ್ಣೆ ಬಾಟಲಿ ಹಿಡಿದ ಅತ್ತೆ, ಇನ್ನೊಂದು ಕಡೆ ಮತ್ತೆ ಮತ್ತೆ ಫೋನ್ ಹಚ್ಚುತ್ತಿದ್ದ ಶಾಂತಲಾ. ಅವನು ಎತ್ತುತ್ತಿರಲಿಲ್ಲ. ಒಂದೊಂದು ಸ್ಟಾಪ್ ದಾಟಿದಂತೆಲ್ಲ ವನಜಾಕ್ಷಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಈಗ ಹೇಳಿದರೆ ಬೆಳಿಗ್ಗೆ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಹೇಳದಿದ್ದರೆ ಆ ಮನೆಯ ಬಾಗಿಲಲ್ಲಿ ಮೂವರೂ ನಗೆಪಾಟಲಾಗಬೇಕು.

"ಅತ್ತಿಗೆ, ಲಕ್ವ ಹೊಡೆಯೋಕೆ ಮುಂಚೆ ಹಿಂಗಾಗ್ತೈತಾ?" ಶಾಂತಲಾಳ ಕಣ್ಣು ತುಂಬಿತ್ತು.

ವನಜಾಕ್ಷಿಗೆ ಇನ್ನು ತಡೆಯಲಾಗಲಿಲ್ಲ. "ಅವರಿಗೆ ಏನೂ ಆಗಿಲ್ಲ ಶಾಂತಾ. ಇಂಗ್ಲಿಷ್‌ನಾಗೆ ಹಂಗಂದ್ರೆ ಕಾಲಿನ ಮಾತಲ್ಲ. ಮದುವೆಗೆ ಹೆದರಿಕೆ ಆಗ್ತೈತೆ, ಹಿಂದೆ ಸರಿಯಾಕೆ ಮನಸಾಗೈತೆ ಅಂತ ಬರ್ದಾರೆ. ನಂಗೆ ಬೆಳಿಗ್ಗೇನೇ ಗೊತ್ತಿತ್ತು."

"ಏನಂದೆ?" ಕಸ್ತೂರಮ್ಮನ ದನಿಗೆ ಮುಂದಿನ ಸೀಟಿನವರೆಲ್ಲ ತಿರುಗಿದರು.

ಶಾಂತಲಾ ಫೋನ್ ಚೀಲಕ್ಕೆ ಹಾಕಿದಳು. ಆಮೇಲೆ ಮೆಲ್ಲಗೆ, "ಹೆದರಿಕೆ ನಂಗೂ ಐತೆ ಅತ್ತಿಗೆ. ನನ್ನ ಯಾರೂ ಕೇಳ್ಲೇ ಇಲ್ಲ" ಎಂದಳು.

"ಕಾರ್ಡು ಹಂಚಾಗೈತೆ. ಬಾಯಿ ಮುಚ್ಕೊಂಡು ಕೂತ್ಕೋ" ಎಂದರು ಕಸ್ತೂರಮ್ಮ.

ಬಾಗಿಲು ತೆರೆದ ಗುರುಬಸವರಾಜ ಮೂವರನ್ನೂ ಕಂಡು ಬಿಳಿಚಿಕೊಂಡ. ಶಾಂತಲಾ ಅವನನ್ನು ಹೊರಗಿನ ಕಟ್ಟೆಗೆ ಕರೆದಳು. ಅರ್ಧ ಗಂಟೆ ಮಾತಾಡಿ ಒಳಗೆ ಬಂದು, ಮದುವೆ ಬೇಡವೆಂದು ಇಬ್ಬರೂ ಒಟ್ಟಿಗೇ ಹೇಳಿದರು.

ತಪ್ಪೆಲ್ಲ ಸೊಸೆಯ ತಲೆಗೆ ಬಂತು. "ಇವಳು ಸುಮ್ನಿದ್ದಿದ್ರೆ ಆಗೇ ಹೋಗ್ತಿತ್ತು" ಎಂದು ಕಸ್ತೂರಮ್ಮ ಮನೆಗೆ ಬಂದವರಿಗೆಲ್ಲ ಹೇಳಿದರು. ವನಜಾಕ್ಷಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡು ಚಹಾ ತಂದಿಡುತ್ತಿದ್ದಳು.

ಮುಂದಿನ ವರ್ಷ ಶಾಂತಲಾ ಬಿ.ಇಡಿ. ಓದಲು ದಾವಣಗೆರೆಯ ಹಾಸ್ಟೆಲ್ ಸೇರಿದಳು. ಅವಳನ್ನು ಕಳಿಸಿ ಬರುವಾಗ ವನಜಾಕ್ಷಿ ಅತ್ತೆ ಹೇಳಿದ್ದ ಹಸಿಮೆಣಸಿನಕಾಯಿ ತಂದಳು. ಅತ್ತೆ ಚೀಲ ತೆಗೆದುಕೊಂಡು, ಅವಳ ಮುಖ ನೋಡದೆ ಒಳಗೆ ಹೋದರು.