ಮೊನ್ನೆ ತಾವು ಹೇಳಿದ ಹಾಗೆ

ಮುಖ್ಯ ಕಾರ್ಯದರ್ಶಿಗಳು ಏಳು ಮಂತ್ರಿಗಳನ್ನು ಪಳಗಿಸಿದ್ದು ಒಂದೇ ಮಾತಿನಿಂದ: "ಮೊನ್ನೆ ತಾವು ಹೇಳಿದ ಹಾಗೆ, ಸಾರ್." ಮೊನ್ನೆ ತುಟಿ ಪಿಟಕ್ ಎನ್ನದ ಮಂತ್ರಿ ಈಗ ಗತ್ತಿನಿಂದ ತಲೆಯಾಡಿಸುತ್ತಿದ್ದರು, ಕಾರ್ಯದರ್ಶಿಗಳ ಯೋಜನೆಗೆ ಸಹಿ ಬೀಳುತ್ತಿತ್ತು. ಸೇತುವೆ, ಆಸ್ಪತ್ರೆ, ಹೆದ್ದಾರಿ ಎಲ್ಲ ಎದ್ದು ನಿಂತದ್ದು ಹೀಗೇ.

ನಿವೃತ್ತಿಯಾದ ಮರುದಿನ ಅವರು ಕಾಫಿ ಹೀರುತ್ತಿದ್ದಾಗ ಪೇಂಟರ್ ಏಣಿ ಹೊತ್ತು ಒಳಗೆ ಬಂದ.

"ಮೊನ್ನೆ ನೀವು ಹೇಳಿದ ಹಾಗೆ, ಗೋಡೆಗೆಲ್ಲ ಹಳದಿ ಹೊಡೆಸ್ತಿದ್ದೀನಿ ರೀ," ಎಂದರು ಹೆಂಡತಿ.

ಕಾರ್ಯದರ್ಶಿಗಳು ಗತ್ತಿನಿಂದ ತಲೆಯಾಡಿಸಿದರು. ಕತ್ತು ಅರ್ಧಕ್ಕೇ ನಿಂತಿತು. ಮೊನ್ನೆ ತಾವು ಬಣ್ಣದ ಸುದ್ದಿಯನ್ನೇ ಎತ್ತಿರಲಿಲ್ಲ.

ಲೋಟ ಕೆಳಗಿಟ್ಟರು. "ಮದುವೆಯಾದ ಹೊಸದರಲ್ಲಿ, ನಾನು ಪರೀಕ್ಷೆ ಬರೆದು ದೊಡ್ಡ ಅಧಿಕಾರಿ ಆಗ್ಬೇಕು ಅಂತ ಮೊದಲು ಹೇಳಿದ್ದು ಯಾರೇ?"

ಹೆಂಡತಿ ಸೋಫಾದ ಮೇಲೆ ಹಳೇ ಬೆಡ್‌ಶೀಟ್ ಹೊದಿಸುತ್ತಾ, "ನೀವೇ ಅಲ್ವೇನ್ರೀ," ಎಂದರು.